ಅಪ್ಪೆಮಿಡಿ ಉಪ್ಪಿನಕಾಯಿ: ಮಿಡಿ ಆರಿಸುವುದರಿಂದ ಜಾಡಿಯ ತಳದವರೆಗೆ

ಮಿಡಿ ಉಪ್ಪಿನಕಾಯಿ ಕೆಟ್ಟಾಗ ನಾವು ಸಾಮಾನ್ಯವಾಗಿ ಖಾರವನ್ನೇ ದೂರುತ್ತೇವೆ. ಸಾಸಿವೆ ಕಡಿಮೆಯಾಯಿತು, ಮೆಣಸು ಹಳೆಯದಿತ್ತು, ಇಂಗು ಹಾಕಬೇಕಿತ್ತು ಎಂದೆಲ್ಲ ಲೆಕ್ಕ ಹಾಕುತ್ತೇವೆ. ಆದರೆ ಜಾಡಿ ಮೂರು ವರ್ಷ ಬಾಳುವುದೋ ಮಳೆಗಾಲ ಮುಗಿಯುವ ಮೊದಲೇ ಬೂಷ್ಟು ಹಿಡಿಯುವುದೋ ಎಂಬುದು ಖಾರ ಕಲೆಸುವ ದಿನಕ್ಕಿಂತ ಬಹಳ ಮೊದಲೇ, ಮಿಡಿಯನ್ನು ಆರಿಸಿ ಉಪ್ಪಿಗೆ ಹಾಕುವ ಹೊತ್ತಿಗೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಖಾರಕ್ಕಿಂತ ಮಿಡಿಗೂ ಉಪ್ಪಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅಪ್ಪೆಮಿಡಿ ಎಂಬುದು ಸಾಮಾನ್ಯ ಮಾವಿನ ಎಳೆಕಾಯಿಯಲ್ಲ. ಸಾಗರ, ಹೊಸನಗರ, ಶಿರಸಿ, ಸಿದ್ದಾಪುರದ ಸುತ್ತಮುತ್ತ, ಹೆಚ್ಚಾಗಿ ಹೊಳೆ ಹಳ್ಳಗಳ ದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಮಾವಿನ ಮರಗಳ ಮಿಡಿ ಇದು. ಹಣ್ಣಾದರೆ ಇವುಗಳಲ್ಲಿ ಹೆಚ್ಚಿನವು ತಿನ್ನಲು ಯೋಗ್ಯವಲ್ಲದಷ್ಟು ಹುಳಿ, ನಾರು, ಬೆಲೆಯೆಲ್ಲ ಮಿಡಿಗೇ. ಇದಕ್ಕೆ 2009ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಸಿಕ್ಕಿತು. ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ: ಜೀರಿಗೆ ಮಿಡಿಯನ್ನು ಮುರಿದರೆ ಜೀರಿಗೆಯ ವಾಸನೆ, ಕರ್ಪೂರದ ಮಿಡಿಯಲ್ಲಿ ಕರ್ಪೂರದ ವಾಸನೆ. ಅನಂತ ಭಟ್ಟನ ಅಪ್ಪೆಯಂಥ ಕೆಲವು ಮಿಡಿಗಳಂತೂ ಮರದ ಯಜಮಾನನ ಹೆಸರಿನಲ್ಲೇ ಊರೂರು ದಾಟಿ ಪ್ರಸಿದ್ಧವಾಗಿವೆ.

ಮಿಡಿಯ ಕಾಲ ಚಿಕ್ಕದು. ಫೆಬ್ರವರಿಯ ಹೊತ್ತಿಗೆ ಪೇಟೆಗೆ ಬರಲು ಶುರುವಾದ ಮಿಡಿ ಯುಗಾದಿ ಕಳೆದು ಕೆಲವು ವಾರಗಳಲ್ಲಿ ಗೊರಟು ಗಟ್ಟಿಯಾಗಿ ಕೈಬಿಟ್ಟುಹೋಗುತ್ತದೆ. ರಿಪ್ಪನ್‌ಪೇಟೆ, ಸಾಗರ, ಶಿರಸಿಯ ಪೇಟೆಗಳಲ್ಲಿ ಈ ದಿನಗಳಲ್ಲಿ ಮಿಡಿಯನ್ನು ಬಹುತೇಕ ನೂರರ ಲೆಕ್ಕದಲ್ಲಿ ಮಾರುತ್ತಾರೆ. ಬೆಂಗಳೂರಿನಿಂದ ಹೋಗುವವರು ರಾತ್ರಿ ರೈಲಿನಲ್ಲಿ ಸಾಗರಕ್ಕೆ ಹೋಗಿ, ಬೆಳಿಗ್ಗೆ ಮಿಡಿ ಕೊಂಡು, ಅಂದೇ ಹಿಂತಿರುಗುವುದು ಒಳ್ಳೆಯದು. ಜೋಗ ನೋಡಿಕೊಂಡು ಮರುದಿನ ಬರೋಣವೆಂದು ಮಕ್ಕಳು ಹಟ ಹಿಡಿದರೆ, ಜೋಗವನ್ನು ಮೊದಲ ದಿನಕ್ಕೂ ಮಿಡಿಯನ್ನು ಕೊನೆಯ ದಿನಕ್ಕೂ ಇಟ್ಟುಕೊಳ್ಳಿ. ಫೆಬ್ರವರಿ, ಮಾರ್ಚ್‌ನಲ್ಲಿ ಜೋಗದಲ್ಲಿ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತದೆ ಎಂಬುದನ್ನು ಅವರಿಗೆ ಮೊದಲೇ ತಿಳಿಸಿರಿ.

ಕೊಳ್ಳುವಾಗ ಮೊದಲು ನೋಡಬೇಕಾದದ್ದು ತೊಟ್ಟನ್ನು. ತೊಟ್ಟು ಸಮೇತ, ಗೊಂಚಲಿನಲ್ಲೇ ಇರುವ ಮಿಡಿಯೆಂದರೆ ಅದನ್ನು ಕೈಯಿಂದ ಕೊಯ್ದು ಇಳಿಸಿದ್ದಾರೆ ಎಂದರ್ಥ. ತೊಟ್ಟಿಲ್ಲದ್ದು ಉದುರಿದ್ದೋ ಕೋಲಿನಿಂದ ಬಡಿದು ಬೀಳಿಸಿದ್ದೋ ಆಗಿರುತ್ತದೆ. ನೆಲಕ್ಕೆ ಬಿದ್ದ ಮಿಡಿಯ ಮೇಲೆ ಆ ಹೊತ್ತಿಗೆ ಏನೂ ಕಾಣದಿದ್ದರೂ ಪೆಟ್ಟು ತಾಗಿದ ಭಾಗ ಉಪ್ಪಿನಲ್ಲಿ ಕೊಳೆತು ಮೆತ್ತಗಾಗುತ್ತದೆ, ಮತ್ತು ಅಂಥ ನಾಲ್ಕು ಮಿಡಿ ಸಾಕು, ಜಾಡಿಯ ನೀರೆಲ್ಲ ಹಳಸಲು ವಾಸನೆಗೆ ತಿರುಗುತ್ತದೆ. ಎರಡನೆಯದಾಗಿ, ಒಂದು ಮಿಡಿಯನ್ನು ಅಡ್ಡಡ್ಡ ಕೊಯ್ದು ನೋಡಬೇಕು. ಒಳಗಿನ ಬೀಜ ಬಿಳಿಯಾಗಿ, ಉಗುರಿನಿಂದ ಒತ್ತಿದರೆ ಒಡೆಯುವಷ್ಟು ಎಳೆಯದಾಗಿರಬೇಕು. ಚಾಕು ಗೊರಟಿಗೆ ತಾಗಿ ನಿಂತರೆ ಕಾಲ ಮೀರಿದೆ. ಮೂರನೆಯದು ಮೂಗಿನ ಪರೀಕ್ಷೆ. ತೊಟ್ಟು ಮುರಿದಾಗ ಸೊನೆ ಚಿಮ್ಮಬೇಕು, ಆ ಸೊನೆಗೆ ಗಾಢವಾದ ಪರಿಮಳವಿರಬೇಕು. ಕೊಯ್ದ ಹೋಳನ್ನು ನಾಲಿಗೆಗೆ ತಾಗಿಸಿದರೆ ಚೊಕ್ಕ ಹುಳಿ ಸಿಗಬೇಕು. ಬಾಯಿಯೆಲ್ಲ ಒಗರಾದರೆ ಆ ಮಿಡಿ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ವ್ಯಾಪಾರಿಗಳು ಒಂದು ಮಿಡಿ ಮುರಿದು ತೋರಿಸಲು ಹಿಂದೆಮುಂದೆ ನೋಡುವುದಿಲ್ಲ; ನೋಡಿದರೆ ಪಕ್ಕದ ಬುಟ್ಟಿಗೆ ಹೋಗಿ.

ಕೊಂಡ ಮಿಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಬಾರದು. ಈ ಪಾಠವನ್ನು ನಾನು ಸಾಕಷ್ಟು ದುಬಾರಿಯಾಗಿ ಕಲಿತೆ. ಒಂದು ವರ್ಷ ಸಾವಿರ ಮಿಡಿ ಕೊಂಡು, ಸೊನೆಯ ಕಲೆ ಕಾರಿಗೆ ತಾಗಬಾರದೆಂಬ ಜಾಣತನದಲ್ಲಿ ಎರಡೆರಡು ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಡಿಕ್ಕಿಯಲ್ಲಿಟ್ಟೆ. ಎಂಟು ತಾಸಿನ ದಾರಿ ಮುಗಿಸಿ ಮನೆಯಲ್ಲಿ ಚೀಲ ಬಿಚ್ಚಿದಾಗ ಒಳಗಿಂದ ಬಿಸಿ ಹವೆ ಬಂತು, ಅರ್ಧಕ್ಕರ್ಧ ಮಿಡಿಯ ಸಿಪ್ಪೆ ಕಂದಿತ್ತು. ಗೋಣಿಚೀಲ ಅಥವಾ ಬಟ್ಟೆಚೀಲದಲ್ಲಿ ಸಡಿಲವಾಗಿ ತುಂಬಿ, ಗಾಳಿಯಾಡುವ ಜಾಗದಲ್ಲಿಡಿ. ಮನೆ ತಲುಪಿದ ಕೂಡಲೇ ನೆಲದ ಮೇಲೆ ಹರಡಿ, ಮರುದಿನವೇ ಉಪ್ಪಿಗೆ ಹಾಕಿ. ಫ್ರಿಜ್ಜಿನಲ್ಲಿಟ್ಟು ವಾರಾಂತ್ಯಕ್ಕೆ ನೋಡೋಣವೆಂದರೆ ಮಿಡಿ ಬಾಡಿ ರಬ್ಬರಿನಂತಾಗುತ್ತದೆ.

ಜಾಡಿ ಪಿಂಗಾಣಿಯದ್ದೇ ಆಗಿರಲಿ, ಗಾಜಿನದ್ದೂ ನಡೆಯುತ್ತದೆ. ಹುಳಿ ಮತ್ತು ಉಪ್ಪು ಸೇರಿದಲ್ಲಿ ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಮುಟ್ಟಲೇಬಾರದು. ಜಾಡಿಯನ್ನು ಎರಡು ದಿನ ಮೊದಲೇ ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಬೇಕು. ಉಪ್ಪು ಹರಳುಪ್ಪಾಗಿರಬೇಕು, ಪುಡಿ ಉಪ್ಪಲ್ಲ. ಹರಳು ನಿಧಾನವಾಗಿ ಕರಗುವುದರಿಂದ ಮಿಡಿ ಸಾವಕಾಶವಾಗಿ ನೀರು ಬಿಟ್ಟುಕೊಳ್ಳುತ್ತದೆ. ಕುಮಟಾ ತಾಲೂಕಿನ ಸಾಣಿಕಟ್ಟೆಯ ಉಪ್ಪು ಸಿಕ್ಕರೆ ಬಿಡಬೇಡಿ. ಅಘನಾಶಿನಿ ಶಿರಸಿಯ ಬಳಿ ಹುಟ್ಟಿ, ದಂಡೆಯ ಅಪ್ಪೆಮರಗಳಿಗೆ ನೀರುಣಿಸಿ, ಕಡಲು ಸೇರುವಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಗಳ ಪಕ್ಕದಲ್ಲೇ ಹರಿಯುತ್ತದೆ. ಒಂದೇ ಹೊಳೆಯ ಮಿಡಿ ಮತ್ತು ಉಪ್ಪು ಒಂದೇ ಜಾಡಿಯಲ್ಲಿ ಸೇರುವುದು ನನಗಂತೂ ಪ್ರತಿ ವರ್ಷ ಒಂದು ಸಣ್ಣ ಸಂತೋಷ. ಬೇರೆ ಹರಳುಪ್ಪಿನಿಂದಲೂ ಉಪ್ಪಿನಕಾಯಿ ಚೆನ್ನಾಗಿಯೇ ಆಗುತ್ತದೆ ಎಂಬುದನ್ನೂ ಹೇಳಬೇಕು. ಉಪ್ಪಿನಲ್ಲಿ ಕಸಕಡ್ಡಿಯಿದ್ದರೆ ಆರಿಸಿ, ಒಂದು ಹೊತ್ತು ಬಿಸಿಲಿಗೆ ಹರಡಿ ಪಸೆ ಆರಿಸಿಕೊಳ್ಳಿ.

ಇನ್ನು ಮಿಡಿಯನ್ನು ತೊಳೆಯುವ ಕೆಲಸ. ಗೊಂಚಲಿನಿಂದ ಬಿಡಿಸುವಾಗ ತೊಟ್ಟನ್ನು ಬುಡಕ್ಕೆ ಕೀಳದೆ ಕಾಲು ಅಂಗುಲದಷ್ಟು ಉಳಿಸಿ ಮುರಿಯಬೇಕು. ತೊಟ್ಟು ಪೂರ್ತಿ ಕಿತ್ತರೆ ಸೊನೆಯೆಲ್ಲ ಸುರಿದುಹೋಗುತ್ತದೆ, ಉಪ್ಪುನೀರು ಆ ತೂತಿನಿಂದ ಒಮ್ಮೆಲೇ ಒಳನುಗ್ಗಿ ಮಿಡಿ ಬೇಗ ಮೆತ್ತಗಾಗುತ್ತದೆ. ಅಪ್ಪೆಯ ಪರಿಮಳವಿರುವುದೇ ಸೊನೆಯಲ್ಲಿ. ಹಾಗಾಗಿ ಕೆಲವರು ಮುರಿಯುವಾಗ ಚಿಮ್ಮುವ ಸೊನೆಯನ್ನು ಉಪ್ಪು ತುಂಬಿದ ಬಟ್ಟಲಿನ ಮೇಲೆಯೇ ಹಿಡಿದು, ಆ ಉಪ್ಪನ್ನು ಜಾಡಿಗೆ ಸೇರಿಸುತ್ತಾರೆ. ಇದು ಒಳ್ಳೆಯ ಕ್ರಮ. ಆದರೆ ಸೊನೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಕಪ್ಪುಗಟ್ಟಿ ಗಾಯವಾಗುತ್ತದೆ, ಕಣ್ಣಿಗೆ ಹಾರಿದರೆ ಅಪಾಯ. ಕೈಗೆ ಎಣ್ಣೆ ಸವರಿಕೊಂಡು, ಮಿಡಿಯ ತೊಟ್ಟನ್ನು ಮುಖದಿಂದ ಆಚೆಗೆ ತಿರುಗಿಸಿ ಮುರಿಯಿರಿ. ಚಿಕ್ಕ ಮಕ್ಕಳಿಗೆ ಈ ಕೆಲಸ ಬೇಡ. ಅವರಿಗೆ ತೊಳೆದ ಮಿಡಿಯನ್ನು ಒರೆಸುವ ಕೆಲಸ ಕೊಡಬಹುದು, ಏಕೆಂದರೆ ಇಡೀ ಕ್ರಮದಲ್ಲಿ ಹೆಚ್ಚು ಕೈಗಳು ಬೇಕಾಗುವುದು ಅಲ್ಲಿಯೇ. ಎರಡು ನೀರಿನಲ್ಲಿ ತೊಳೆದು, ಹತ್ತಿಬಟ್ಟೆಯ ಮೇಲೆ ನೆರಳಿನಲ್ಲಿ ಹರಡಿ, ಒಂದೊಂದನ್ನೂ ಒರೆಸಿ, ನೀರಿನ ಪಸೆ ಪೂರ್ತಿ ಆರುವವರೆಗೆ ನಾಲ್ಕೈದು ತಾಸು ಫ್ಯಾನಿನ ಕೆಳಗೆ ಬಿಡಬೇಕು. ಒರೆಸುವಾಗಲೇ ಕಪ್ಪು ಚುಕ್ಕೆಯಿರುವ, ಒಡೆದ, ಹುಳು ಕೊರೆದ ಮಿಡಿಗಳನ್ನು ಬೇರೆ ಹಾಕಿ. ನಮ್ಮಮ್ಮ ಈ ಹೊತ್ತಿನಲ್ಲಿ ಜಾಡಿಯ ಪಕ್ಕ ಕುಳಿತು, ಹತ್ತಿರ ಬಂದವರನ್ನೆಲ್ಲ “ಕೈ ಒರೆಸಿಕೊಂಡೆಯಾ?” ಎಂದು ಕೇಳುತ್ತಿದ್ದರು. ಹೌದೆಂದರೂ ಅಂಗೈ ತಿರುಗಿಸಿ ತೋರಿಸಬೇಕಿತ್ತು.

ಅಳತೆಯ ವಿಷಯದಲ್ಲಿ ಮನೆಮನೆಗೂ ಒಂದು ಪದ್ಧತಿಯಿದೆ. ಮೊದಲ ಸಲ ಮಾಡುವವರು ತೂಕವನ್ನೇ ನೆಚ್ಚಿಕೊಳ್ಳುವುದು ಕ್ಷೇಮ: ತೊಳೆದು ಆರಿಸಿದ 1 ಕಿಲೋ ಮಿಡಿಗೆ 250 ಗ್ರಾಂ ಹರಳುಪ್ಪು. ಇದು ಹೆಚ್ಚೆನಿಸುತ್ತದೆ, ಎಲ್ಲರಿಗೂ ಹಾಗೆಯೇ ಅನಿಸುತ್ತದೆ, ಮತ್ತು ತಪ್ಪು ಶುರುವಾಗುವುದೂ ಅಲ್ಲಿಯೇ. ಮಿಡಿಯ ತೂಕದಲ್ಲಿ ಬಹುಪಾಲು ನೀರು. 100 ಮಿಲಿ ನೀರಿನಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗಬಲ್ಲದು. ಮಿಡಿಯಿಂದ ಹೊರಬರುವ ನೀರು ಆ ಮಿತಿಯ ಹತ್ತಿರಕ್ಕೆ ಬರುವಷ್ಟು ಉಪ್ಪಾದಾಗಲೇ ಕೆಡಿಸುವ ಸೂಕ್ಷ್ಮಜೀವಿಗಳಿಗೆ ಅಲ್ಲಿ ಬದುಕುವುದು ಕಷ್ಟವಾಗುತ್ತದೆ. ಆರೋಗ್ಯದ ಚಿಂತೆಯಿಂದ ಉಪ್ಪನ್ನು ಅರ್ಧಕ್ಕಿಳಿಸಿದರೆ ಆರೋಗ್ಯವೂ ಇಲ್ಲ, ಉಪ್ಪಿನಕಾಯಿಯೂ ಇಲ್ಲ. ರಕ್ತದೊತ್ತಡವಿರುವವರು ತಿನ್ನುವಾಗ ಒಂದು ಮಿಡಿಯ ಬದಲು ಅರ್ಧ ಮಿಡಿ ಹಾಕಿಸಿಕೊಳ್ಳಬೇಕೇ ಹೊರತು ಜಾಡಿಯಲ್ಲಿ ಉಪ್ಪು ಕಡಿಮೆ ಮಾಡಬಾರದು.

ಜಾಡಿಯ ತಳಕ್ಕೆ ಒಂದು ಹಿಡಿ ಉಪ್ಪು ಹರಡಿ, ಅದರ ಮೇಲೆ ಒಂದು ಪದರ ಮಿಡಿ, ಮತ್ತೆ ಉಪ್ಪು, ಮತ್ತೆ ಮಿಡಿ, ಹೀಗೆ ತುಂಬುತ್ತ ಬಂದು ಕೊನೆಯ ಪದರ ಉಪ್ಪಿನದ್ದೇ ಆಗುವಂತೆ ನೋಡಿಕೊಳ್ಳಿ. ಕಂಠದವರೆಗೆ ತುಂಬಬೇಡಿ; ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ಬಾಯಿಗೆ ಒಣಬಟ್ಟೆ ಕಟ್ಟಿ ಮುಚ್ಚಳ ಹಾಕಿ. ಮೊದಲ ಎರಡು ದಿನ ಏನೂ ಆದಂತೆ ಕಾಣುವುದಿಲ್ಲ. ಮೂರನೆಯ, ನಾಲ್ಕನೆಯ ದಿನಕ್ಕೆ ತಳದಲ್ಲಿ ನೀರು ಕಾಣಿಸಿಕೊಳ್ಳುತ್ತದೆ. ಅಂದಿನಿಂದ ದಿನಕ್ಕೊಮ್ಮೆ, ಒಣಗಿದ ಮರದ ಸೌಟಿನಿಂದ ಮೇಲಿನದು ಕೆಳಗೆ ಕೆಳಗಿನದು ಮೇಲೆ ಬರುವಂತೆ ತಿರುವಬೇಕು, ಇಲ್ಲವೇ ಜಾಡಿಯನ್ನೇ ಹಿಡಿದು ಕುಲುಕಬೇಕು. ಒಂದು ವಾರದ ಹೊತ್ತಿಗೆ ಮಿಡಿಗಳು ನೀರಿನಲ್ಲಿ ಮುಳುಗಿರಬೇಕು. ಮೇಲಿನವು ಇನ್ನೂ ತೇಲುತ್ತಿದ್ದರೆ ಚೆನ್ನಾಗಿ ತೊಳೆದು ಕುದಿಸಿ ಒಣಗಿಸಿದ ಹೊಳೆಗಲ್ಲನ್ನೋ ಪಿಂಗಾಣಿ ತಟ್ಟೆಯನ್ನೋ ಭಾರಕ್ಕಿಡಿ. ನೀರೇ ಸಾಲದಿದ್ದರೆ, ಕುದಿಸಿದ ನೀರಿಗೆ ಕರಗುವಷ್ಟು ಉಪ್ಪು ಹಾಕಿ, ಪೂರ್ತಿ ತಣಿಸಿ ಸೇರಿಸಬಹುದು.

ಮಿಡಿ ಚಿರುಟಲು ಹತ್ತರಿಂದ ಹದಿನೈದು ದಿನ ಬೇಕು. ಚಿರುಟುವುದೆಂದರೆ ಸುಮ್ಮನೆ ಬಾಡುವುದಲ್ಲ. ಹಸಿರು ಹೋಗಿ ಕಂದುಮಿಶ್ರಿತ ಹಳದಿ ಬಣ್ಣ ಬಂದಿರಬೇಕು, ಸಿಪ್ಪೆಯ ಮೇಲೆ ಅಜ್ಜಿಯ ಕೈಯಂತೆ ನೆರಿಗೆ ಮೂಡಿರಬೇಕು. ಆದರೆ ಹಲ್ಲಿನಿಂದ ಕಚ್ಚಿದರೆ ಕಟುಂ ಎಂದು ಸದ್ದಾಗಬೇಕು. ನೆರಿಗೆಯಿದ್ದೂ ಗಟ್ಟಿಯಾಗಿರುವುದೇ ಹದ. ಈ ಹಂತದಲ್ಲಿ ಅವಸರ ಮಾಡಿ ಐದನೆಯ ದಿನಕ್ಕೇ ಖಾರ ಕಲೆಸಿದರೆ ಮಿಡಿಯೊಳಗೆ ಉಳಿದ ನೀರು ಆಮೇಲೆ ಹೊರಬಂದು ಖಾರವನ್ನು ತೆಳ್ಳಗಾಗಿಸುತ್ತದೆ, ಉಪ್ಪಿನ ಅಂಶವನ್ನು ಇಳಿಸುತ್ತದೆ. ಮಳೆಗಾಲದಲ್ಲಿ ಕೆಡುವ ಉಪ್ಪಿನಕಾಯಿಗಳಲ್ಲಿ ಬಹಳಷ್ಟು ಇಂಥವೇ.

ಚಿರುಟಿದ ಮಿಡಿಗಳನ್ನು ಬಸಿದು ಬಟ್ಟೆಯ ಮೇಲೆ ಒಂದೆರಡು ತಾಸು ಹರಡಿ. ಉಳಿದ ಉಪ್ಪುನೀರನ್ನು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಮೇಲೆ ಬರುವ ನೊರೆಯನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ರಾತ್ರಿಯಿಡೀ ತಣಿಯಲು ಬಿಡಿ. ಇದನ್ನು ಚೆಲ್ಲುವವರಿದ್ದಾರೆ, ಮಿಡಿಯ ಹುಳಿಯೂ ಸೊನೆಯ ಪರಿಮಳವೂ ಇಳಿದಿರುವುದು ಈ ನೀರಿನಲ್ಲೇ ಆದ್ದರಿಂದ, ಖಾರ ರುಬ್ಬಲು ಇದಕ್ಕಿಂತ ಒಳ್ಳೆಯದು ಬೇರೆ ಯಾವುದೂ ಇಲ್ಲ.

ಖಾರಕ್ಕೆ, 1 ಕಿಲೋ ಮಿಡಿಯ ಲೆಕ್ಕದಲ್ಲಿ, 150 ಗ್ರಾಂ ಒಣಮೆಣಸು, 100 ಗ್ರಾಂ ಸಾಸಿವೆ, ಒಂದು ದೊಡ್ಡ ಚಮಚ ಅರಿಸಿನ ಪುಡಿ ಸಾಕು. ಬ್ಯಾಡಗಿ ಮೆಣಸು ಬಣ್ಣ ಕೊಡುತ್ತದೆ, ಖಾರ ಅಷ್ಟಾಗಿ ಕೊಡುವುದಿಲ್ಲ. ಹೆಚ್ಚು ಖಾರ ಬೇಕಾದವರು ಮೂರರಲ್ಲೊಂದು ಪಾಲು ಗುಂಟೂರು ಮೆಣಸು ಸೇರಿಸಬಹುದು. ಮೆಣಸಿನ ತೊಟ್ಟು ತೆಗೆದು ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಬೇಕು; ಬಿಸಿಲಿಲ್ಲದಿದ್ದರೆ ಸಣ್ಣ ಉರಿಯಲ್ಲಿ, ಎಣ್ಣೆಯಿಲ್ಲದೆ, ಕಪ್ಪಾಗದಂತೆ ಬೆಚ್ಚಗೆ ಮಾಡಿದರೆ ಆಯಿತು. ಸಾಸಿವೆಯನ್ನು ಮಾತ್ರ ಹುರಿಯಬೇಡಿ. ಸಾಸಿವೆಯ ಘಾಟು ಕಾಳಿನೊಳಗೆ ಸಿದ್ಧವಾಗಿ ಕುಳಿತಿರುವುದಿಲ್ಲ. ಕಾಳು ಒಡೆದು ನೀರು ತಾಗಿದಾಗ ಮೈರೊಸಿನೇಸ್ ಎಂಬ ಕಿಣ್ವ ಕೆಲಸ ಮಾಡಿ ಅದನ್ನು ಹುಟ್ಟಿಸುತ್ತದೆ. ಕಾಳನ್ನು ಹುರಿದರೆ ಅಥವಾ ಬಿಸಿನೀರಿನಲ್ಲಿ ರುಬ್ಬಿದರೆ ಆ ಕಿಣ್ವವೇ ನಾಶವಾಗಿ ಘಾಟು ಹುಟ್ಟುವುದಿಲ್ಲ. ಬೂಷ್ಟನ್ನು ದೂರವಿಡುವುದರಲ್ಲಿ ಈ ಘಾಟಿಗೂ ಪಾಲಿರುವುದರಿಂದ ಇದು ಬರೀ ರುಚಿಯ ಮಾತಲ್ಲ. ಉಪ್ಪುನೀರು ಪೂರ್ತಿ ತಣಿದಿರಬೇಕೆಂದು ಹೇಳಿದ್ದಕ್ಕೆ ಒಂದು ಕಾರಣ ಇದೇ.

ಮೊದಲು ಮೆಣಸನ್ನೂ ಆಮೇಲೆ ಸಾಸಿವೆಯನ್ನೂ ಒಣಗಿದ ಮಿಕ್ಸಿಯಲ್ಲಿ ಪುಡಿಮಾಡಿ, ಅರಿಸಿನ ಸೇರಿಸಿ, ತಣಿದ ಉಪ್ಪುನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ದೋಸೆಹಿಟ್ಟಿನ ಹದಕ್ಕೆ ನುಣ್ಣಗೆ ರುಬ್ಬಿ. ಮಿಕ್ಸಿ ಬಿಸಿಯಾದರೆ ನಿಲ್ಲಿಸಿ ಆರಲು ಬಿಡಬೇಕು. ಮೆಂತ್ಯ, ಜೀರಿಗೆ, ಇಂಗು ಹಾಕುವ ಮನೆಗಳೂ ಇವೆ. ನನ್ನ ಅಭಿಪ್ರಾಯದಲ್ಲಿ, ಒಳ್ಳೆಯ ಜೀರಿಗೆ ಮಿಡಿ ಸಿಕ್ಕಾಗ ಇವನ್ನೆಲ್ಲ ಹಾಕುವುದು ಮಲ್ಲಿಗೆಗೆ ಅತ್ತರು ಹಚ್ಚಿದಂತೆ. ಪರಿಮಳ ಸಾಲದ ಮಿಡಿಯಾದರೆ ಚಿಟಿಕೆ ಇಂಗು ಇರಲಿ. ಎಣ್ಣೆ ಈ ಉಪ್ಪಿನಕಾಯಿಗೆ ಬೇಡ. ರುಬ್ಬಿದ ಖಾರಕ್ಕೆ ಮಿಡಿ ಹಾಕಿ, ಪ್ರತಿಯೊಂದಕ್ಕೂ ಹತ್ತುವಂತೆ ಮರದ ಸೌಟಿನಿಂದ ಕಲೆಸಿ, ಜಾಡಿಗೆ ತುಂಬಿ, ಉಳಿದ ಉಪ್ಪುನೀರನ್ನು ಮಿಡಿ ಮುಳುಗುವಷ್ಟು ಮೇಲಿನಿಂದ ಸುರಿಯಿರಿ. ಬಾಯಿಯ ಒಳಬದಿಗೆ ಮೆತ್ತಿದ ಖಾರವನ್ನು ಒಣಬಟ್ಟೆಯಿಂದ ಒರೆಸಿ ತೆಗೆಯಲೇಬೇಕು. ಬೂಷ್ಟು ಹಲವು ಸಲ ಮಿಡಿಯಲ್ಲಲ್ಲ, ಅಲ್ಲಿ ಅಂಟಿ ಒಣಗಿದ ಖಾರದಲ್ಲಿ ಶುರುವಾಗುತ್ತದೆ. ಮೇಲೆ ಒಂದು ಹಿಡಿ ಹರಳುಪ್ಪು ಹರಡಿ, ಬಟ್ಟೆ ಕಟ್ಟಿ, ಮುಚ್ಚಳ ಹಾಕಿ, ದಿನಾಂಕ ಬರೆದ ಚೀಟಿ ಅಂಟಿಸಿ ಕತ್ತಲ ಮೂಲೆಯಲ್ಲಿಡಿ. ಒಂದು ತಿಂಗಳು ಮುಟ್ಟಬೇಡಿ. ಮೊದಲ ವಾರದ ಉಪ್ಪಿನಕಾಯಿಯಲ್ಲಿ ಸಾಸಿವೆಯ ಹಸಿ ಕಹಿ ಇರುತ್ತದೆ. ಅದನ್ನು ನೆಕ್ಕಿ ನೋಡಿ ನಿರಾಶರಾದವರು ಬೆಲ್ಲ ಹಾಕಲು ಹೊರಡುತ್ತಾರೆ.

ಜಾಡಿ ತೆರೆದ ಮೇಲಿನ ಶಿಸ್ತು ಸರಳ. ದೊಡ್ಡ ಜಾಡಿಯಿಂದ ಹದಿನೈದು ದಿನಕ್ಕೆ ಬೇಕಾಗುವಷ್ಟನ್ನು ಚಿಕ್ಕ ಭರಣಿಗೆ ತೆಗೆದುಕೊಂಡು, ಊಟಕ್ಕೆ ಅದನ್ನೇ ಬಳಸಬೇಕು. ದೊಡ್ಡದಕ್ಕೆ ಒದ್ದೆ ಚಮಚ, ಎಂಜಲ ಕೈ ಯಾವುದೂ ತಾಗಬಾರದು. ತೆಗೆದಾಗಲೆಲ್ಲ ಉಳಿದ ಮಿಡಿ ರಸದಲ್ಲಿ ಮುಳುಗಿದೆಯೇ ಎಂದು ನೋಡಿ. ಮೇಲೆ ತೆಳುವಾದ ಬಿಳಿ ಪೊರೆ ಮಾತ್ರ ಕಂಡರೆ ಹೆದರಬೇಕಿಲ್ಲ. ಪೊರೆಯನ್ನೂ ಮೇಲಿನ ಒಂದೆರಡು ಅಂಗುಲ ಖಾರವನ್ನೂ ತೆಗೆದುಹಾಕಿ, ಉಪ್ಪುನೀರು ಕುದಿಸಿ ತಣಿಸಿ ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಹಸಿರು ಅಥವಾ ಕಪ್ಪು ಬಣ್ಣದ, ಹತ್ತಿಯಂತೆ ಎದ್ದ ಬೂಷ್ಟು ಬಂದು, ಮಿಡಿ ಲೊಳೆಯಾಗಿ, ಕೆಟ್ಟ ವಾಸನೆ ಹೊಡೆದರೆ ಮಾತ್ರ ಯಾವ ರಿಪೇರಿಯೂ ಬೇಡ, ಪೂರ್ತಿ ಚೆಲ್ಲಿಬಿಡಿ. ಮಿಡಿಗೆ ಕೊಟ್ಟ ದುಡ್ಡು ನೆನಪಾಗುತ್ತದೆ, ಆದರೂ ಚೆಲ್ಲಿ.

ಮಿಡಿಯ ಕಾಲಕ್ಕೆ ಮಲೆನಾಡಿಗೆ ಹೋಗಲಾಗದವರಿಗೆ ಇನ್ನೊಂದು ದಾರಿಯಿದೆ. ಶಿರಸಿ, ಸಾಗರದ ಕಡೆ ಉಪ್ಪಿಗೆ ಹಾಕಿದ ಮಿಡಿಯನ್ನೇ ವರ್ಷವಿಡೀ ಮಾರುತ್ತಾರೆ. ಅದನ್ನು ತಂದು ಖಾರ ಮಾತ್ರ ಮನೆಯಲ್ಲಿ ಮಾಡಿಕೊಳ್ಳಬಹುದು. ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವವರಿಗೂ ಇದು ಅನುಕೂಲ. ಕೊಳ್ಳುವ ಮೊದಲು ಒಂದನ್ನು ಕಚ್ಚಿ ಸದ್ದು ಕೇಳಿ. ತೋಟ ಇರುವವರು ಕಸಿ ಗಿಡ ನೆಡುವುದಂತೂ ಬಹಳ ಒಳ್ಳೆಯದು. ಬೀಜದಿಂದ ಹುಟ್ಟಿದ ಗಿಡ ತಾಯಿಮರದ ಪರಿಮಳವನ್ನೇ ತರುತ್ತದೆಂಬ ಭರವಸೆಯಿಲ್ಲ, ಕಸಿಯಲ್ಲಿ ಅದು ಹಾಗೆಯೇ ಬರುತ್ತದೆ. ಆ ಭಾಗದ ನರ್ಸರಿಗಳಲ್ಲಿ ಹೆಸರಾದ ಅಪ್ಪೆಗಳ ಕಸಿ ಗಿಡಗಳು ಸಿಗುತ್ತವೆ. ಬೇಡಿಕೆ ಹೆಚ್ಚಿದಂತೆ ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡವುವವರೂ ಇದ್ದಾರೆ, ಹೊಳೆದಂಡೆಯ ಹಳೆಯ ಮರಗಳು ಅದರಿಂದಲೇ ಸೊರಗಿವೆ. ಹಾಗಾಗಿ ಎಲೆಕೊಂಬೆ ಸಮೇತ ರಾಶಿ ಹಾಕಿದ ಮಿಡಿ ಕಂಡರೆ ನಾನು ಕೊಳ್ಳುವುದಿಲ್ಲ.

ಕೊನೆಗೆ ಜಾಡಿಯ ತಳದಲ್ಲಿ ಮಿಡಿಯೆಲ್ಲ ಮುಗಿದು ಗಟ್ಟಿಯಾದ ಖಾರ ಉಳಿಯುತ್ತದೆ. ಎರಡು ವರ್ಷ ಅಪ್ಪೆಯ ರಸದಲ್ಲಿ ಕುಳಿತ ಆ ಖಾರವನ್ನು ಜಾಡಿಯ ಜೊತೆ ತೊಳೆದು ಚೆಲ್ಲಬೇಡಿ. ಒಂದು ಚಮಚವನ್ನು ಗಟ್ಟಿ ಮೊಸರಿಗೆ ಕದಡಿ, ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಬಿಸಿ ಅನ್ನಕ್ಕೆ ಬೇರೆ ಸಾರು ಬೇಕಾಗುವುದಿಲ್ಲ. ಅದೂ ಮುಗಿದ ಮೇಲೆ ಜಾಡಿಯನ್ನು ತೊಳೆದು ಬಿಸಿಲಿಗೆ ಬೋರಲು ಹಾಕಿಡಿ. ಫೆಬ್ರವರಿಗೆ ಅದು ಬೇಕಾಗುತ್ತದೆ.